ಓದುಗರ ಪ್ರಶ್ನೆ: ತಲೆಗೆ ಪೆಟ್ಟಾದ ಮಾಜಿ ಸೈನಿಕರ ನಿದ್ದೆ, ನೋವು ಮತ್ತು ಬೆಳಗಿನ ಬೆಳಕು

ತಲೆಗೆ ಪೆಟ್ಟಾದ ಅಮೆರಿಕದ ಮಾಜಿ ಸೈನಿಕರಿಗೆ ಬೆಳಗಿನ ಹೊತ್ತು ಪ್ರಖರ ಬೆಳಕು ಕೊಟ್ಟು ನಿದ್ದೆ, ನೋವು ಸುಧಾರಿಸುತ್ತದೆಯೇ ಎಂದು ನೋಡುತ್ತಿದ್ದಾರೆ ಎಂಬುದನ್ನು ಹಿಂದಿನ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೆವು. ಆ ಸಾಲಿಗೆ ಮಂಜೇಶ್ವರದಿಂದ ಜತ್ತದವರೆಗೆ ಗಡಿಯಾಚೆಯ ಕನ್ನಡಿಗರಿಂದ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಗಂಡ ನಿವೃತ್ತ ಹವಾಲ್ದಾರ್. ಸೇವೆಯಲ್ಲಿದ್ದಾಗ ಸ್ಫೋಟದಲ್ಲಿ ತಲೆಗೆ ಪೆಟ್ಟಾಗಿತ್ತು. ಈಗ ರಾತ್ರಿ ಎರಡಕ್ಕೆ ನಿದ್ದೆ, ಬೆಳಿಗ್ಗೆ ಹತ್ತಕ್ಕೆ ಎಚ್ಚರ. ತಲೆನೋವು, ಸೊಂಟನೋವು ಬಿಡುವುದಿಲ್ಲ. ಬೆಳಕಿನಿಂದ ನಿಜವಾಗಿ ಪ್ರಯೋಜನ ಉಂಟೋ? ನಾಳೆಯಿಂದ ಐದು ಗಂಟೆಗೇ ಎಬ್ಬಿಸಿ ಕೂರಿಸಬಹುದೇ?
— ಮಂಜೇಶ್ವರ

ಉತ್ತರ: ಪ್ರಯೋಜನ ಆಗಬಹುದು. ಆದರೆ ಐದು ಗಂಟೆಗೆ ಮಾತ್ರ ಎಬ್ಬಿಸಬೇಡಿ. ಕಾರಣ ಮುಂದೆ ಹೇಳುತ್ತೇವೆ.

ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕೆ ಸಂಬಂಧಿಸಿದ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಇರುವ ಇನ್ನೊಂದು ಬಗೆಯ ಕೋಶಗಳೂ ಇವೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಇವು ಹೆಚ್ಚು ಸ್ಪಂದಿಸುತ್ತವೆ. ಮೆದುಳಿನೊಳಗಿನ ದೇಹಗಡಿಯಾರಕ್ಕೆ ಬೆಳಗಾಯಿತೆಂಬ ಸುದ್ದಿ ಮುಟ್ಟಿಸುವುದು ಇವುಗಳ ಕೆಲಸ. ಆ ಸುದ್ದಿ ಗಟ್ಟಿಯಾಗಿ ಮುಟ್ಟಿದರೆ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ರಾತ್ರಿ ಬೇಗ ಏರತೊಡಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ತಲೆಗೆ ಪೆಟ್ಟಾದ ಅನೇಕರಲ್ಲಿ ಈ ಗಡಿಯಾರ ತಡವಾಗಿ ಓಡುತ್ತಿರುತ್ತದೆ. ಅದರ ಮೇಲೆ ನೋವಿನಿಂದ ಮನೆಯೊಳಗೇ ಉಳಿದರೆ ಹಗಲಿನ ಬೆಳಕೂ ಸಿಗುವುದಿಲ್ಲ. ನಿದ್ದೆ ಕೆಟ್ಟಷ್ಟೂ ನೋವು ತಾಳುವ ಶಕ್ತಿ ಕುಗ್ಗುತ್ತದೆ, ನೋವು ಹೆಚ್ಚಿದಷ್ಟೂ ನಿದ್ದೆ ಕೆಡುತ್ತದೆ. ಬೆಳಕಿನ ಚಿಕಿತ್ಸೆ ಈ ಸುತ್ತನ್ನು ನಿದ್ದೆಯ ಕಡೆಯಿಂದ ಬಿಡಿಸಲು ನೋಡುತ್ತದೆ.

ಪುರಾವೆ ಎಷ್ಟಿದೆ ಎಂಬುದನ್ನೂ ತಿಳಿದಿರಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಮಿದುಳಿಗೆ ಪೆಟ್ಟಾದ ಮಾಜಿ ಸೈನಿಕರಿಗೆ ಮನೆಯಲ್ಲೇ ದಿನಕ್ಕೆ 60 ನಿಮಿಷದಂತೆ 4 ವಾರ ಬೆಳಗಿನ ಪ್ರಖರ ಬೆಳಕು ಕೊಟ್ಟ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಫಲ ಆಶಾದಾಯಕವಾಗಿತ್ತು, ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಬಹುಕಾಲದ ಸೊಂಟನೋವಿರುವ ಮಾಜಿ ಸೈನಿಕರ ಮೇಲೆ 2019ರಲ್ಲಿ ಪ್ರಕಟವಾದ 13 ದಿನಗಳ ಪ್ರಯೋಗದಲ್ಲಿ ನೋವೂ ನಿದ್ದೆಯೂ ಸುಧಾರಿಸಿದವು. ಅಲ್ಲಿಯೂ ಹೋಲಿಕೆಯ ಗುಂಪು ಇರಲಿಲ್ಲ. ಇವೆರಡಕ್ಕಿಂತ ಗಟ್ಟಿಯಾದದ್ದು ಅರಿಜೋನಾ ವಿಶ್ವವಿದ್ಯಾಲಯದ 2020ರ ಪ್ರಯೋಗ. ಅದರಲ್ಲಿ ತಲೆಗೆ ಸೌಮ್ಯ ಪೆಟ್ಟಾದವರಲ್ಲಿ ಕೆಲವರಿಗೆ ನೀಲಿ ಬೆಳಕು, ಉಳಿದವರಿಗೆ ಹಳದಿ ಬೆಳಕು, ಬೆಳಿಗ್ಗೆ 30 ನಿಮಿಷ, 6 ವಾರ. ನೀಲಿ ಬೆಳಕಿನವರ ನಿದ್ದೆ ಸುಮಾರು ಒಂದು ಗಂಟೆ ಮುಂಚೆ ಬಂತು, ಹಗಲಿನ ತೂಕಡಿಕೆ ಇಳಿಯಿತು. ಎಲ್ಲವೂ ಸಣ್ಣ ಪ್ರಯೋಗಗಳೇ. ಹಾಗಾಗಿ ಇದನ್ನು ವೈದ್ಯರ ಚಿಕಿತ್ಸೆಯ ಜೊತೆಗೆ ಮಾಡಿ, ಅದನ್ನು ಬಿಟ್ಟು ಅಲ್ಲ.

ಈಗ ಐದು ಗಂಟೆಯ ವಿಷಯ. ಸಹಜವಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ದೇಹದ ಉಷ್ಣತೆ ಅತ್ಯಂತ ಕೆಳಗಿರುತ್ತದೆ. ಆ ಗಳಿಗೆಯ ನಂತರ ಬೀಳುವ ಬೆಳಕು ನಿದ್ದೆಯನ್ನು ಬೇಗ ತರುತ್ತದೆ, ಅದಕ್ಕಿಂತ ಮೊದಲು ಬೀಳುವ ಬೆಳಕು ಇನ್ನೂ ತಡಮಾಡುತ್ತದೆ. ಹತ್ತಕ್ಕೆ ಏಳುವವರಲ್ಲಿ ಈ ಗಳಿಗೆ ಏಳು, ಏಳೂವರೆಯ ಸುಮಾರಿಗೆ ಇರುತ್ತದೆ. ಐದಕ್ಕೆ ಎಬ್ಬಿಸಿ ಬೆಳಕಿಗೆ ಕೂರಿಸಿದರೆ ಮರುದಿನ ರಾತ್ರಿ ಮೂರಾದರೂ ಕಣ್ಣು ಮುಚ್ಚಲಿಕ್ಕಿಲ್ಲ. ಫೌಜಿನ ಮನೆಗಳಲ್ಲಿ ಬೇಗ ಎಬ್ಬಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಗಟ್ಟಿ, ಆದ್ದರಿಂದಲೇ ಇಷ್ಟು ವಿವರ. ಮೊದಲ ಮೂರು ದಿನ ಒಂಬತ್ತೂವರೆಗೆ ಎದ್ದು ಬೆಳಕಿಗೆ ಬರಲಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ 20ರಿಂದ 30 ನಿಮಿಷ ಹಿಂದಕ್ಕೆ ತನ್ನಿ. ಆರೂವರೆ, ಏಳಕ್ಕೆ ಬರಲು ಎರಡು ಮೂರು ವಾರ ಬೇಕು. ಭಾನುವಾರವೂ ಅದೇ ಹೊತ್ತು. ಒಂದು ದಿನ ಹತ್ತರವರೆಗೆ ಮಲಗಿದರೂ ಗಳಿಸಿದ್ದರಲ್ಲಿ ಒಂದಿಷ್ಟು ಹೋಗುತ್ತದೆ.

ರಾತ್ರಿಯ ಕಡೆಗೂ ಗಮನ ಬೇಕು. ಮಲಗುವ ಎರಡು ಗಂಟೆ ಮೊದಲು ಟ್ಯೂಬ್‌ಲೈಟ್ ಆರಿಸಿ ಒಂದು ಮಂದ ಹಳದಿ ಬಲ್ಬು ಮಾತ್ರ ಇರಲಿ. ಮಧ್ಯಾಹ್ನ ಎರಡರ ನಂತರ ಚಹಾ, ಕಾಫಿ ಬೇಡ, ಅದರ ಅರ್ಧ ಪಾಲು ಕೆಫೀನ್ ಐದಾರು ಗಂಟೆ ಕಳೆದರೂ ರಕ್ತದಲ್ಲಿ ಇರುತ್ತದೆ. ಕ್ಯಾಂಟೀನಿನ ರಮ್ ನಿದ್ದೆ ತರಿಸುವುದು ನಿಜ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಒಡೆದುಹಾಕುತ್ತದೆ.

ಇವೆಲ್ಲಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ನಡುವೆ ಉಸಿರು ನಿಂತು ಗಕ್ಕನೆ ಎಳೆದುಕೊಳ್ಳುತ್ತಾರೆಯೇ? ಹೌದಾದರೆ ಅದು ಸ್ಲೀಪ್ ಆಪ್ನಿಯಾ ಆಗಿರಬಹುದು. ತಲೆಗೆ ಪೆಟ್ಟಾದವರಲ್ಲಿ ಇದು ಸಾಮಾನ್ಯ. ಎದ್ದ ಕೂಡಲೇ ತಲೆನೋವಿರುವುದೂ ಇದರದೇ ಲಕ್ಷಣ. ಎಷ್ಟು ಬೆಳಕು ಕೊಟ್ಟರೂ ಇದು ಗುಣವಾಗದು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್ಕಿನ ವೈದ್ಯರ ಬಳಿ ನಿದ್ರಾ ಪರೀಕ್ಷೆಗೆ ರೆಫರಲ್ ಕೇಳಿ. ರಾತ್ರಿಯ ಗೊರಕೆಯನ್ನು ಎರಡು ನಿಮಿಷ ಮೊಬೈಲಿನಲ್ಲಿ ಹಿಡಿದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಪ್ರಶ್ನೆ: ಬಿಸಿಲಿದ್ದಾಗ ಅಂಗಳದಲ್ಲೇ ಕೂರಬಹುದಲ್ಲ? ಆಟಿ ತಿಂಗಳ ಮಳೆಯಲ್ಲಿ ಏನು ಮಾಡುವುದು? ಬೆಳಕಿನ ಚಿಕಿತ್ಸೆಗೆಂದೇ ಮಾಡಿದ ಲೈಟ್ ಬಾಕ್ಸ್ ಇಲ್ಲಿ ಸಿಗುವುದಿಲ್ಲ, ಆನ್‌ಲೈನಿನಲ್ಲಿ ದುಬಾರಿ. ನಾವೇ ಮಾಡಿಕೊಳ್ಳಬಹುದೇ?
— ಬದಿಯಡ್ಕ

ಉತ್ತರ: ಅಂಗಳವೇ ಮೊದಲ ಆಯ್ಕೆ. ಲೈಟ್ ಬಾಕ್ಸಿನ ಮೇಲೆ ಬರೆದಿರುವ 10,000 ಲಕ್ಸ್ (ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ), ಸೂರ್ಯ ಮೂಡಿ ಮುಕ್ಕಾಲು ಗಂಟೆಯಾದ ಮೇಲೆ ಬಯಲಿನಲ್ಲಿ ಪುಕ್ಕಟೆ ಸಿಗುತ್ತದೆ. ಮೂಡುವ ಗಳಿಗೆಯಲ್ಲಿ ಕೆಲವು ನೂರು ಲಕ್ಸ್ ಅಷ್ಟೇ. ನಿಮ್ಮಲ್ಲಿ ಜೂನ್‌ನಲ್ಲಿ ಸೂರ್ಯೋದಯ ಆರರ ಹೊತ್ತಿಗೆ, ಜನವರಿ ಕೊನೆಗೆ ಏಳರ ಹತ್ತಿರ. ಕೂರುವ ಹೊತ್ತನ್ನು ಅದಕ್ಕೆ ಹೊಂದಿಸಿ. ಸೂರ್ಯನನ್ನು ದಿಟ್ಟಿಸಬಾರದು, ಪೂರ್ವದ ತೆರೆದ ಆಕಾಶದ ಕಡೆ ಮುಖವಿದ್ದರೆ ಸಾಕು. ಆದರೆ ಅಡಿಕೆ ತೋಟದೊಳಗೆ ನಡೆದಾಡಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೋಗೆಯ ಕೆಳಗೆ ಸಿಗುವುದು ಬಯಲಿನ ಬೆಳಕಿನ ಸಣ್ಣ ಪಾಲು ಮಾತ್ರ. ಮನೆಯೊಳಗೆ ಟ್ಯೂಬ್‌ಲೈಟಿನ ಅಡಿ 100ರಿಂದ 300 ಲಕ್ಸ್. ಕಣ್ಣಿಗೆ ಬೆಳಕು ಸಾಕಷ್ಟಿದೆ ಅನಿಸಿದರೂ ದೇಹಗಡಿಯಾರಕ್ಕೆ ಬೆಳಗಾಯಿತೆಂದು ಗಟ್ಟಿಯಾಗಿ ಹೇಳಲು ಅದು ಸಾಲದು.

ಆಟಿಯ ಕಾರ್ಮೋಡದ ದಿನ ಜಗಲಿಯಲ್ಲಿ ಕಣ್ಣಿನ ಮಟ್ಟದ ಬೆಳಕು ಸಾವಿರ ಲಕ್ಸಿನ ಆಸುಪಾಸಿಗೆ ಇಳಿಯಬಹುದು. ಅಂಥ ದಿನ ಮಾಡಿನ ಅಂಚಿನಲ್ಲಿ ಹೊರಮುಖವಾಗಿ ಒಂದೂವರೆ ಗಂಟೆ ಕೂತರೆ ಏನೂ ಇಲ್ಲದ್ದಕ್ಕಿಂತ ಮೇಲು. ಪೂರ್ತಿ ಪ್ರಮಾಣ ಬೇಕಿದ್ದರೆ ದೀಪ ಬೇಕು.

ದೀಪದ ಲೆಕ್ಕ ಹೀಗೆ. 10,000 ಲಕ್ಸ್‌ನಲ್ಲಿ 30 ನಿಮಿಷ, 5,000ದಲ್ಲಿ ಒಂದು ಗಂಟೆ, 2,500ರಲ್ಲಿ ಎರಡು ಗಂಟೆ: ಮೂರನ್ನೂ ಸರಿಸುಮಾರು ಒಂದೇ ಪ್ರಮಾಣವೆಂದು ಹಿಡಿಯುತ್ತಾರೆ. 9 ವ್ಯಾಟಿನ ಮಾಮೂಲಿ ಎಲ್‌ಇಡಿ ಬಲ್ಬು ಅರ್ಧ ಮೀಟರಿನಲ್ಲಿ 300ರಿಂದ 600 ಲಕ್ಸ್ ಕೊಡುತ್ತದೆ, ಅದರಿಂದ ಆಗುವ ಕೆಲಸವಲ್ಲ. ಕಚೇರಿಗಳ ಫಾಲ್ಸ್ ಸೀಲಿಂಗಿಗೆ ಹಾಕುವ ಎರಡಡಿ ಚೌಕದ, 40 ವ್ಯಾಟಿನ ಎಲ್‌ಇಡಿ ಪ್ಯಾನೆಲ್ ತನ್ನಿ. ಡಬ್ಬಿಯ ಮೇಲೆ ಸುಮಾರು 4,000 ಲ್ಯೂಮೆನ್ ಎಂದಿರಬೇಕು, ಬಣ್ಣ 4,000 ಕೆಲ್ವಿನ್ ಅಥವಾ 6,500 ಕೆಲ್ವಿನ್. ಇಂಥ ಒಂದು ಪ್ಯಾನೆಲ್ ನೇರ ಎದುರಿಗೆ 1 ಮೀಟರಿನಲ್ಲಿ ಸುಮಾರು 1,100 ಲಕ್ಸ್, 50 ಸೆಂಟಿಮೀಟರಿನಲ್ಲಿ 3,500, 30 ಸೆಂಟಿಮೀಟರಿನಲ್ಲಿ 6,000 ಲಕ್ಸ್ ಕೊಡುತ್ತದೆ. ಎರಡನ್ನು ಪಕ್ಕಪಕ್ಕ ಜೋಡಿಸಿದರೆ 50 ಸೆಂಟಿಮೀಟರಿನಲ್ಲಿ 5,000ದ ಹತ್ತಿರ ಬರುತ್ತದೆ, ದುಪ್ಪಟ್ಟು ಆಗುವುದಿಲ್ಲ. ಏಕೆಂದರೆ ಎರಡರ ಬೆಳಕೂ ಓರೆಯಾಗಿ ಬೀಳುತ್ತದೆ. ಜೋಡಿ ಪ್ಯಾನೆಲ್, ಅರ್ಧ ಮೀಟರ್ ದೂರ, ಒಂದು ಗಂಟೆ: ನಮ್ಮ ಶಿಫಾರಸು ಇದೇ. ಕರೆಂಟು ತಿಂಗಳಿಗೆ ಎರಡೂವರೆ ಯೂನಿಟ್ಟೂ ಆಗದು, ಇನ್ವರ್ಟರಿನಲ್ಲೂ ನಡೆಯುತ್ತದೆ.

ಪ್ಯಾನೆಲ್‌ಗಳನ್ನು ಪ್ಲೈವುಡ್ ಹಲಗೆಗೆ ಬಿಗಿದು ಮೇಜಿನ ಮೇಲೆ ನಿಲ್ಲಿಸಿ. ನಡುಭಾಗ ಕಣ್ಣಿಗಿಂತ ಒಂದಿಷ್ಟು ಮೇಲಿರಲಿ, ಮುಂದಕ್ಕೆ ಸ್ವಲ್ಪ ಬಾಗಿರಲಿ. ತೀರಾ ಎದುರಿಗೆ ಇಡದೆ ಸುಮಾರು 30 ಡಿಗ್ರಿ ಓರೆಗೆ ಇಟ್ಟರೆ ಕಣ್ಣು ಕುಕ್ಕುವುದಿಲ್ಲ. ಕಣ್ಣು ತೆರೆದಿರಬೇಕು. ಪೇಪರ್ ಓದಿ, ದೋಸೆ ತಿನ್ನಿ, ನಡುನಡುವೆ ದೀಪದ ಕಡೆ ನೋಟ ಹಾಯಲಿ. ಬೆನ್ನು ಹಾಕಿ ಮೊಬೈಲ್ ನೋಡುತ್ತ ಕೂತರೆ ಏನೂ ಆಗದು. ಬಹಳಷ್ಟು ಮನೆಗಳಲ್ಲಿ ಫಲ ಸಿಗದಿರುವುದು ದೂರದ ತಪ್ಪಿನಿಂದ: ಊಟದ ಮೇಜಿನ ಆಚೆ ತುದಿಗೆ ದೀಪ ಇಟ್ಟು ಒಂದು ಗಂಟೆ ಕೂರುತ್ತಾರೆ, ಕಣ್ಣಿಗೆ ಮುಟ್ಟುವುದು ಸಾವಿರ ಲಕ್ಸೂ ಇಲ್ಲ.

ಖರೀದಿಸುವಾಗ ಮಿನುಗು ಪರೀಕ್ಷಿಸಿ. ದೀಪಕ್ಕೆ ಕರೆಂಟು ಹೊಂದಿಸಿ ಕೊಡುವ ಡಬ್ಬಿ, ಅಂದರೆ ಡ್ರೈವರ್, ಅಗ್ಗದ್ದಾದರೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಬರಿಗಣ್ಣಿಗೆ ಕಾಣದು, ಆದರೆ ತಲೆಗೆ ಪೆಟ್ಟಾದವರಿಗೆ ಅದರಿಂದಲೇ ತಲೆನೋವು ಬರಬಹುದು. ಅಂಗಡಿಯಲ್ಲೇ ದೀಪ ಉರಿಸಿ ಮೊಬೈಲಿನ ಸ್ಲೋಮೋಷನ್ ವಿಡಿಯೋ ತೆಗೆಯಿರಿ. ಕಪ್ಪು ಪಟ್ಟಿಗಳು ಹರಿದಾಡಿದರೆ ಅಥವಾ ಬೆಳಕು ತುಯ್ದಾಡಿದರೆ ಬೇಡ. 50 ವ್ಯಾಟಿನ ಫ್ಲಡ್‌ಲೈಟ್ ಅಗ್ಗವಾಗಿ ಸಿಗುತ್ತದೆಂದು ತರಬೇಡಿ. ಅಂಗೈಯಗಲದ ಜಾಗದಿಂದ ಹೊಮ್ಮುವ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಕ್ರಿಮಿ ಕೊಲ್ಲುವ ಅತಿನೇರಳೆ ಟ್ಯೂಬನ್ನಂತೂ ಮುಟ್ಟಲೇಬೇಡಿ. ಮಳೆಯ ಇರಚಲು ಬೀಳುವ ಜಗಲಿಯಲ್ಲಿ ಈ ದೀಪ ಇಡಬಾರದು. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಬೇಕು, ಡ್ರೈವರ್ ಡಬ್ಬಿಯನ್ನು ಬಟ್ಟೆಯಿಂದ ಮುಚ್ಚಬೇಡಿ.

ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ನಿಖರವಲ್ಲ, ಜಾಗ ಜಾಗಕ್ಕೆ ಹೋಲಿಸಲು ಸಾಕು. ಸೆನ್ಸರ್ ಇರುವುದು ಪರದೆಯ ಮೇಲ್ಭಾಗದಲ್ಲಿ, ಆದ್ದರಿಂದ ಪರದೆಯನ್ನು ದೀಪದ ಕಡೆ ತಿರುಗಿಸಿ ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ.

ಪ್ರಶ್ನೆ: ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲ. ಆದರ ನಮ್ಮಣ್ಣಗ ಬೆಳಕು ಕಂಡ್ರನ ತಲಿ ಸಿಡೀತದ. ಮನಿಯೊಳಗೂ ಕರಿ ಕನ್ನಡಕ ಹಾಕ್ಕೊಂಡು ಕೂಡ್ತಾನ. ನೋವಿನ ಗುಳಿಗಿ ದಿನಾ ಬೇಕು. ಅವಗ ಈ ಬೆಳಕಿನ ಚಿಕಿತ್ಸೆ ಹೆಂಗ?
— ಜತ್ತ, ಸಾಂಗ್ಲಿ ಜಿಲ್ಲೆ

ಉತ್ತರ: ಮೊದಲು ಗುಳಿಗೆಯ ಲೆಕ್ಕ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಥರದವನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಕೂಡಿಸಿದ ಗುಳಿಗೆ ಅಥವಾ ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್‌ಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮಿಕ್ಕಿ ತೆಗೆದುಕೊಂಡರೆ ಗುಳಿಗೆಯೇ ತಲೆನೋವನ್ನು ಉಳಿಸುತ್ತದೆ. ಇದು ಹಾಗೇ ಮುಂದುವರಿದರೆ ಬೆಳಕಿನಿಂದ ಫಲ ಕಾಣುವುದು ಕಷ್ಟ. ಕ್ಯಾಲೆಂಡರಿನ ಮೇಲೆ ಗುಳಿಗೆಯ ದಿನಗಳಿಗೆ ಗುರುತು ಹಾಕಿ ನರರೋಗ ತಜ್ಞರಿಗೆ ತೋರಿಸಿ. ಬಿಡಿಸುವ ಕ್ರಮವನ್ನು ಅವರೇ ಹೇಳಬೇಕು. ನಿದ್ದೆಗೆಂದು ಆಲ್ಪ್ರಜೋಲಮ್, ಕ್ಲೊನಾಜಿಪಮ್ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು.

ಕರಿ ಕನ್ನಡಕ ಮನೆಯೊಳಗೆ ಬೇಡ. ದಿನವಿಡೀ ಕತ್ತಲಿಗೆ ಒಗ್ಗಿದ ಕಣ್ಣಿಗೆ ಸಾಧಾರಣ ಬೆಳಕೂ ಚುಚ್ಚುತ್ತದೆ, ಅದಕ್ಕೆ ಇನ್ನೂ ಕಪ್ಪು ಗಾಜು ಬೇಕೆನಿಸುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಒಳಗಿನ ಬಳಕೆ ಇಳಿಸುತ್ತ ಬನ್ನಿ. ಹೊರಗೆ ಹೋಗುವಾಗ ಅಂಚು ಅಗಲವಾದ ಟೊಪ್ಪಿಗೆ ಸಾಕು. ಗಾಜು ಬೇಕೇಬೇಕಾದರೆ ಕಣ್ಣಿನ ವೈದ್ಯರ ಬಳಿ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಗಾಜು ಕೇಳಿ. ಬೆಳಕಿನ ಚಿಕಿತ್ಸೆಯ ಹೊತ್ತಿನಲ್ಲಿ ಅದನ್ನೂ ತೆಗೆದಿಡಬೇಕು, ಗಡಿಯಾರಕ್ಕೆ ಬೇಕಾದ ಬಣ್ಣವನ್ನೇ ಅದು ತಡೆಯುತ್ತದೆ.

ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ನಿಮ್ಮಲ್ಲಿ ಬಿಸಿಲು ಇದ್ದರೂ ಇಂಥವರಿಗೆ ಪ್ಯಾನೆಲ್ಲೇ ಅನುಕೂಲ, ಪ್ರಮಾಣ ನಮ್ಮ ಕೈಯಲ್ಲಿರುತ್ತದೆ. ಮೇಲೆ ಹೇಳಿದ ಒಂದು ಪ್ಯಾನೆಲ್ಲನ್ನು 1 ಮೀಟರ್ ದೂರದಲ್ಲಿಟ್ಟು 10 ನಿಮಿಷದಿಂದ ಶುರುಮಾಡಿ. ಮೂರು ದಿನಕ್ಕೊಮ್ಮೆ 5 ನಿಮಿಷ ಕೂಡಿಸಿ 30ಕ್ಕೆ ತನ್ನಿ. ಆಮೇಲೆ 50 ಸೆಂಟಿಮೀಟರಿಗೆ ಸರಿಸಿ, ಸಮಯವನ್ನು ಮತ್ತೆ 15 ನಿಮಿಷಕ್ಕೆ ಇಳಿಸಿ ಏರಿಸುತ್ತ ಬನ್ನಿ. ದೂರ ಮತ್ತು ಸಮಯ ಎರಡನ್ನೂ ಒಂದೇ ದಿನ ಬದಲಿಸಿದರೆ ತಲೆನೋವು ಯಾವುದರಿಂದ ಬಂತೆಂದು ತಿಳಿಯದು. ನೋವು ದಿನನಿತ್ಯದ್ದಕ್ಕಿಂತ ಹತ್ತರಲ್ಲಿ ಎರಡು ಅಂಕ ಏರಿ ಎರಡು ಗಂಟೆಯಾದರೂ ಇಳಿಯದಿದ್ದರೆ ಹಿಂದಿನ ಮೆಟ್ಟಿಲಿಗೆ ಮರಳಿ. ಖಾಲಿ ಹೊಟ್ಟೆಯಲ್ಲಿ ಕೂರಬೇಡಿ, ಓಕರಿಕೆ ಹೆಚ್ಚುತ್ತದೆ.

ಹಸಿರು ಬೆಳಕಿನ ಬಗ್ಗೆಯೂ ಕೇಳಿರುತ್ತೀರಿ. ಮೈಗ್ರೇನ್ ಇರುವಾಗ ಬೇರೆ ಬಣ್ಣಗಳಿಗಿಂತ ಮಂದ ಹಸಿರು ಕಡಿಮೆ ಕೆರಳಿಸುತ್ತದೆಂದು 2016ರಲ್ಲಿ ಹಾರ್ವರ್ಡಿನ ಸಂಶೋಧಕರು ತೋರಿಸಿದರು. ಅರಿಜೋನಾದಲ್ಲಿ ಮೈಗ್ರೇನಿನವರಿಗೆ ದಿನಕ್ಕೆ ಒಂದೆರಡು ಗಂಟೆಯಂತೆ 10 ವಾರ ಮಂದ ಹಸಿರು ಎಲ್‌ಇಡಿ ಬೆಳಕು ಕೊಟ್ಟು ನೋಡಿದ್ದಾರೆ, ತಲೆನೋವಿನ ದಿನಗಳು ಇಳಿದವು. ಇದು ಬೇರೆಯೇ ಚಿಕಿತ್ಸೆ. ಕೋಣೆ ಕತ್ತಲಾಗಿರಬೇಕು, ಬೆಳಕು ತೀರಾ ಮಂದ. ಮಾಮೂಲಿ ಬಲ್ಬಿಗೆ ಹಸಿರು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಬೇರೆ ಬಣ್ಣಗಳೂ ನುಸುಳುತ್ತವೆ, ಹಾಳೆ ಕರಗುವುದೂ ಉಂಟು.

ತಲೆನೋವು ಇದ್ದಕ್ಕಿದ್ದಂತೆ ಬಗೆ ಬದಲಿಸಿದರೆ, ವಾಂತಿ, ಒಂದು ಕೈ ಕಾಲಿನ ನಿಶ್ಶಕ್ತಿ, ಮಾತಿನ ತೊದಲು, ಮಂಕು ಕಂಡರೆ ಬೆಳಕು, ಗುಳಿಗೆ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ತಂದೆಗೆ ಎಪ್ಪತ್ತು. ಸಂಜೆ ಏಳಕ್ಕೆ ತೂಕಡಿಸಿ ಮಲಗಿಬಿಡುತ್ತಾರೆ, ಮೂರೂವರೆಗೆ ಎದ್ದು ಕೂರುತ್ತಾರೆ. ಬೆಳಿಗ್ಗೆ ಬೆಳಕು ಕೊಡಲೇ?
— ತಾಳವಾಡಿ

ಉತ್ತರ: ಬೇಡ. ಅವರ ಗಡಿಯಾರ ಆಗಲೇ ಮುಂದೆ ಓಡುತ್ತಿದೆ, ಬೆಳಗಿನ ಬೆಳಕು ಇನ್ನೂ ಮುಂದಕ್ಕೆ ದೂಡುತ್ತದೆ. ಇವರಿಗೆ ಸಂಜೆ ಐದರಿಂದ ಹೊರಗಿನ ಬೆಳಕು, ಕತ್ತಲಾದ ಮೇಲೆ ಏಳರಿಂದ ಎಂಟರವರೆಗೆ ದೀಪ. ಮೂರೂವರೆಗೆ ಎದ್ದರೆ ದೊಡ್ಡ ದೀಪ ಹಾಕಬಾರದು, ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲದ ಹತ್ತಿರ ಮಂದ ಬಲ್ಬು ಸಾಕು. ಬೆಳಗಿನ ಮೊದಲ ಎರಡು ಗಂಟೆ ನೆರಳಿನಲ್ಲಿರಲಿ. ಹಗಲಲ್ಲಿ ಆಸಕ್ತಿಯೇ ಇಲ್ಲದೆ ಮಂಕಾಗಿದ್ದರೆ ಬೇಗ ಎಚ್ಚರವಾಗುವುದು ಖಿನ್ನತೆಯ ಲಕ್ಷಣವೂ ಇರಬಹುದು, ವೈದ್ಯರಿಗೆ ಹೇಳಿ.

ಪ್ರಶ್ನೆ: ಸೇನೆಯಿಂದ ಬಂದ ಮೇಲೆ ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಕೆಲಸ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಹಗಲು ನಿದ್ದೆಯೇ ಇಲ್ಲ. ಹಳೆಯ ತಲೆಪೆಟ್ಟು ಬೇರೆ.
— ಹೊಸೂರು

ಉತ್ತರ: ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆಯೇ? ಹಾಗಿದ್ದರೆ ಬೆಳಕಿನಿಂದ ಹೊಂದಿಸಲಾಗದು. ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ, ಅದು ಸರಿದು ಮುಗಿಯುವಷ್ಟರಲ್ಲಿ ಪಾಳಿ ತಿರುಗಿರುತ್ತದೆ. ತಲೆಪೆಟ್ಟಿನ ದಾಖಲೆ ತೋರಿಸಿ ಸ್ಥಿರವಾದ ಪಾಳಿ, ಸಾಧ್ಯವಾದರೆ ಹಗಲಿನದನ್ನೇ ಕೇಳುವುದು ಯಾವ ದೀಪಕ್ಕಿಂತಲೂ ಒಳ್ಳೆಯದು.

ಸ್ಥಿರ ರಾತ್ರಿಪಾಳಿಯಾದರೆ ಹತ್ತರಿಂದ ಎರಡೂವರೆಯ ನಡುವೆ ಗಂಟೆಗೊಮ್ಮೆ 15, 20 ನಿಮಿಷ ಪ್ರಖರ ದೀಪದ ಮುಂದೆ ಇರಿ. ಮೂರರ ನಂತರ ದೀಪ ಬೇಡ, ಚಹಾವೂ ಬೇಡ. ಆರಕ್ಕೆ ಹೊರಬಿದ್ದಾಗ ಬಸ್ಸಿನಲ್ಲಿ ಹೋಗುವವರು ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೈಕಿನವರಿಗೆ ಈ ಮಾತು ಹೇಳುವುದಿಲ್ಲ, ನಿದ್ದೆಗಣ್ಣಿಗೆ ಕಪ್ಪು ಗಾಜು ಅಪಾಯ. ಮನೆಗೆ ಬಂದವರು ಏಳೂವರೆಯೊಳಗೆ ಮಲಗಿ. ಕಿಟಕಿಗೆ ದಪ್ಪ ಕರಿ ಬಟ್ಟೆ ಎರಡು ಪದರ, ಚಾಚಿದ ಕೈ ಕಾಣದಷ್ಟು ಕತ್ತಲಿರಬೇಕು. ರಜೆಯ ದಿನ ಪೂರ್ತಿ ರಾತ್ರಿ ನಿದ್ದೆಗೆ ಹಾರಬೇಡಿ, ರಾತ್ರಿ ಮೂರರಿಂದ ಬೆಳಿಗ್ಗೆ ಹನ್ನೊಂದರವರೆಗೆ ಮಲಗುವುದು ಎರಡಕ್ಕೂ ನಡುವಿನ ದಾರಿ.

ಪ್ರಶ್ನೆ: ತಲೆಗೆ ಹಾಕುವ ಕೆಂಪು ಬೆಳಕಿನ ಹೆಲ್ಮೆಟ್ ಜಾಹೀರಾತು ನೋಡಿದೆ. ಇದೂ ಅದೇನಾ?
— ಆದೋನಿ

ಉತ್ತರ: ಅಲ್ಲ. ಅದು ಕಣ್ಣಿನ ಮೂಲಕವಲ್ಲ, ತಲೆಬುರುಡೆಯ ಮೂಲಕ 810 ನ್ಯಾನೋಮೀಟರ್ ಆಸುಪಾಸಿನ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹಾಯಿಸುವ ಪ್ರಯತ್ನ. ಮಿದುಳಿಗೆ ಪೆಟ್ಟಾದವರ ಮೇಲೆ ಸಣ್ಣ ಪ್ರಯೋಗಗಳು ನಡೆದಿವೆ. ಜಾಹೀರಾತಿನ ಹೆಲ್ಮೆಟ್ಟಿಗೂ ಆ ಪ್ರಯೋಗಗಳ ಉಪಕರಣಕ್ಕೂ ಶಕ್ತಿ, ಸಮಯ ಒಂದೇ ಎಂದು ಹೇಳಲು ಆಧಾರ ಕೇಳಿ, ಸಿಗದಿದ್ದರೆ ಹಣ ಉಳಿಸಿ. ಫಿಸಿಯೋಥೆರಪಿಯವರು ಸೊಂಟಕ್ಕೆ ಹಿಡಿಯುವ ಕೆಂಪು ದೀಪ ಮೂರನೆಯದೇ ಬಗೆ, ಅದು ಬರೀ ಶಾಖ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದ್ದವರು, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಮಾಡಬಹುದೇ? ಎಷ್ಟು ದಿನ ನೋಡಿ ಬಿಡಬೇಕು?
— ಕುಂಬಳೆ

ಉತ್ತರ: ಸಕ್ಕರೆ ಕಾಯಿಲೆಯವರು ಮೊದಲು ಪಾಪೆ ಹಿಗ್ಗಿಸಿ ಹಿಂಪರದೆ ಪರೀಕ್ಷೆ ಮಾಡಿಸಲಿ. ಹಿಂಪರದೆಗೆ ಹಾನಿಯಾಗಿದ್ದರೆ, ಇತ್ತೀಚೆಗೆ ಪೊರೆ ತೆಗೆಸಿದ್ದರೆ ಕಣ್ಣಿನ ವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ಹೈಡ್ರಾಕ್ಸಿಕ್ಲೋರೋಕ್ವಿನ್, ಅಮಿಯೊಡರೋನ್, ಡಾಕ್ಸಿಸೈಕ್ಲಿನ್, ಕ್ಲೋರ್‌ಪ್ರೊಮಜಿನ್, ಲಿಥಿಯಂ ತೆಗೆದುಕೊಳ್ಳುವವರೂ ಮೊದಲು ಕೇಳಬೇಕು. ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ಬೆಳಕು ಮನಸ್ಸನ್ನು ಅತಿಯಾಗಿ ಏರಿಸಬಲ್ಲದು. ನಿದ್ದೆ ಕಡಿಮೆಯಾದರೂ ಆಯಾಸವಿಲ್ಲ, ಮಾತು ಖರ್ಚು ಎರಡೂ ಹೆಚ್ಚಿದೆ ಎಂದರೆ ಅಂದೇ ದೀಪ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ.

ಫಿಟ್ಸ್ ಇರುವವರಿಗೆ ಸ್ಥಿರವಾದ ಬೆಳಕಿಗಿಂತ ಮಿನುಗುವ ಬೆಳಕು ಅಪಾಯ. ಸೆಕೆಂಡಿಗೆ 3ರಿಂದ 30 ಸಲದ ಮಿನುಗು ಕೆಲವರಲ್ಲಿ ಫಿಟ್ಸ್ ಕೆರಳಿಸುತ್ತದೆ. ಹಾಳಾದ ಟ್ಯೂಬ್‌ಲೈಟ್, ಮರಗಳ ಸಾಲಿನ ನಡುವೆ ವಾಹನದಲ್ಲಿ ಹೋಗುವಾಗ ಕಣ್ಣಿಗೆ ಹೊಡೆಯುವ ಎಳೆಬಿಸಿಲು ಈ ಬಗೆಯವು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತ, ನರರೋಗ ತಜ್ಞರನ್ನು ಕೇಳಿಯೇ ಶುರುಮಾಡಿ, ಮೊದಲ ವಾರ ಜೊತೆಗೆ ಯಾರಾದರೂ ಇರಲಿ.

ಶುರುಮಾಡುವ ಒಂದು ವಾರ ಮೊದಲೇ ಪುಸ್ತಕ ಇಡಿ. ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು, ಎದ್ದ ಹೊತ್ತು, ನೋವಿಗೆ ಹತ್ತರಲ್ಲಿ ಅಂಕ, ನುಂಗಿದ ಗುಳಿಗೆ: ಇಷ್ಟೇ ಸಾಕು. ನಿದ್ದೆಯ ಹೊತ್ತು ಒಂದೆರಡು ವಾರದಲ್ಲಿ ಸರಿಯತೊಡಗುತ್ತದೆ, ನೋವು ಇಳಿಯುವುದಿದ್ದರೆ ಅದರ ನಂತರ. ಪ್ರಮಾಣ, ದೂರ, ಹೊತ್ತು ಸರಿಯಾಗಿದ್ದೂ ನಾಲ್ಕು ವಾರಗಳಲ್ಲಿ ಪುಸ್ತಕದಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ, ಆ ಪುಸ್ತಕವನ್ನೇ ವೈದ್ಯರಿಗೆ ಕೊಡಿ. ಫಲ ಕಂಡವರು ಬಿಸಿಲಿನ ತಿಂಗಳುಗಳಲ್ಲಿ ದೀಪ ಬಿಟ್ಟು ಅಂಗಳಕ್ಕೆ ಬರಬಹುದು. ಮಳೆಗಾಲ ಶುರುವಾಗುವ ಮೊದಲು ಪ್ಯಾನೆಲ್ಲಿನ ಧೂಳು ಒರೆಸಿ ಮತ್ತೆ ಹೊರತೆಗೆದರಾಯಿತು.